ನೈದಿಲೆ ತೊಟ್ಟಿಯ ಕಪ್ಪೆಗಳು

ಪ್ರಶ್ನೆ: ಕೋಲಾರದ ಹೊರವಲಯದ ಬಡಾವಣೆಯೊಂದರಲ್ಲಿ ನಮ್ಮ ಮನೆ. ಸಂಕ್ರಾಂತಿ ಕಳೆದ ಮೇಲೆ ಹಿತ್ತಲಿನಲ್ಲಿ ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡು ಅಡಿ ಆಳದ ಸಿಮೆಂಟ್ ತೊಟ್ಟಿ ಕಟ್ಟಿಸಿ, ಕುಂಡಗಳಲ್ಲಿ ನೀಲಿ ಮತ್ತು ಕೆಂಪು ನೈದಿಲೆಯನ್ನೂ ಒಂದು ತಾವರೆಯನ್ನೂ ಇಳಿಸಿದ್ದೇನೆ. ಕೃತ್ತಿಕೆ ಮಳೆ ಬಿದ್ದ ರಾತ್ರಿಯಿಂದ ಕಪ್ಪೆಗಳು ಬಂದು ಸೇರಿಕೊಂಡಿವೆ. ತೊಟ್ಟಿಯ ಗೋಡೆಗೆ ಸೋಪಿನ ನೊರೆಯಂಥದ್ದು ಅಂಟಿದೆ. ನೀರಿನೊಳಗೆ ಕರಿಮಣಿ ಪೋಣಿಸಿದ ದಾರದಂಥದ್ದು ಕಾಣುತ್ತದೆ. ನೈದಿಲೆಯ ಎಲೆಗಳಲ್ಲಿ ಮೊಟ್ಟೆಯಾಕಾರದ ತುಂಡುಗಳು ಕತ್ತರಿಸಿ ಹೋಗಿವೆ. ಕಪ್ಪೆಗಳು ಎಲೆ ತಿನ್ನುತ್ತವೆಯೇ? ಪಕ್ಕದ ಮನೆಯವರು ಸೊಳ್ಳೆಗೂ ಹಾವಿಗೂ ಹೆದರಿ, ತೊಟ್ಟಿಯನ್ನು ಮುಚ್ಚಿಸಿ ಇಲ್ಲವೇ ಗಪ್ಪಿ ಮೀನು ಬಿಡಿ ಎನ್ನುತ್ತಿದ್ದಾರೆ. ಕಪ್ಪೆಗಳನ್ನು ಹಿಡಿಸಿ ಕೆರೆಗೆ ಬಿಡಬಹುದೇ?

ಉತ್ತರ: ನಿಮ್ಮ ಎಲೆಗಳನ್ನು ಕತ್ತರಿಸಿದ್ದು ಕಪ್ಪೆಗಳಲ್ಲ. ಅವುಗಳನ್ನು ಹಿಡಿಸುವುದೂ ಬೇಡ, ಗಪ್ಪಿ ಬಿಡುವುದೂ ಬೇಡ. ಆದರೆ ನಿಮ್ಮ ತೊಟ್ಟಿಯಲ್ಲಿ ಒಂದು ದೊಡ್ಡ ಕೊರತೆಯಿದೆ, ಅದನ್ನು ನೀವು ಕೇಳಿಲ್ಲವಾದರೂ ನಾನು ಹೇಳಲೇಬೇಕು. ನೀವು ಕೊಟ್ಟ ಅಳತೆಯ ತೊಟ್ಟಿಗೆ ನಾಲ್ಕು ಗೋಡೆಗಳಿವೆಯೇ ಹೊರತು ದಡವಿಲ್ಲ. ಈಗ ಅದರೊಳಗೆ ಬೆಳೆಯುತ್ತಿರುವ ಗೊದಮೊಟ್ಟೆಗಳು ಕೆಲವು ವಾರಗಳಲ್ಲಿ ಕಾಲು ಮೂಡಿ, ಬಾಲ ಕರಗಿ, ಕಿವಿರು ಬಿಟ್ಟು ಶ್ವಾಸಕೋಶದಿಂದ ಉಸಿರಾಡತೊಡಗುತ್ತವೆ. ಆ ಹೊತ್ತಿಗೆ ಹತ್ತಿ ಬರಲು ಇಳಿಜಾರು ಸಿಗದಿದ್ದರೆ, ಹುಟ್ಟಿದ ನೀರಿನಲ್ಲಿಯೇ ಅವು ಮುಳುಗಿ ಸಾಯುತ್ತವೆ. ಉಳಿದ ವಿಷಯಗಳಿಗೆ ಅವಸರವಿಲ್ಲ, ಇದಕ್ಕೆ ಇದೆ.

ಬಂದವರು ಯಾರೆಂಬುದನ್ನು ನಿಮ್ಮ ವಿವರಣೆಯಿಂದಲೇ ಬಹುಮಟ್ಟಿಗೆ ಗುರುತಿಸಬಹುದು. ಗೋಡೆಗೆ ಅಂಟಿರುವ ನೊರೆ ಮರಗಪ್ಪೆಯ ಗೂಡು. ಬಚ್ಚಲುಮನೆಯ ಗೋಡೆಯ ಮೇಲೋ ನೀರಿನ ಡ್ರಮ್ಮಿನ ಹಿಂದೆಯೋ ಬೇಸಿಗೆಯಲ್ಲಿ ಕೈಕಾಲು ಮಡಿಸಿ ಅಂಟಿಕೊಂಡಿರುವ, ಬೆರಳ ತುದಿಗಳಲ್ಲಿ ಬಿಲ್ಲೆಗಳಿರುವ ತೆಳುಕಂದು ಕಪ್ಪೆಯನ್ನು ನೀವು ನೋಡಿಯೇ ಇರುತ್ತೀರಿ, ಅದೇ ಇದು. ಹೆಣ್ಣು ತಾನು ಸ್ರವಿಸಿದ ಅಂಟುದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆ ಮಾಡಿ, ಅದರೊಳಗೆ ಮೊಟ್ಟೆಯಿಡುತ್ತದೆ. ಹೊರಗಿನ ಪದರ ಒಣಗಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದರೂ ಒಳಗೆ ತೇವ ಉಳಿಯುವುದರಿಂದ ಮೊಟ್ಟೆಗಳು ಬಿಸಿಲಿಗೆ ಬತ್ತುವುದಿಲ್ಲ, ನೀರಿನಲ್ಲಿರುವ ಹುಳುಗಳ ಬಾಯಿಗೂ ಸಿಗುವುದಿಲ್ಲ. ಮೂರ್ನಾಲ್ಕು ದಿನಗಳಲ್ಲಿ ನೊರೆ ಸಡಿಲಗೊಂಡು ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ಆದ್ದರಿಂದ ಅದನ್ನು ಕೊಳೆಯೆಂದು ಪೊರಕೆಯಿಂದ ಉಜ್ಜಿ ತೆಗೆಯಬೇಡಿ.

ಕರಿಮಣಿಯ ದಾರ ನೆಲಗಪ್ಪೆಯದು, ಅಂದರೆ ಮೈತುಂಬ ಗುಳ್ಳೆಗಳಿದ್ದು, ಸಂಜೆಯ ಹೊತ್ತು ಬೀದಿದೀಪದ ಕೆಳಗೆ ಹುಳು ಕಾಯುತ್ತ ಕೂರುವ ಒರಟು ಚರ್ಮದ ಕಪ್ಪೆಯದು. ಅದು ಉದ್ದನೆಯ ಲೋಳೆಯ ಎಳೆಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ನೈದಿಲೆಯ ದಂಟುಗಳಿಗೆ ಸುತ್ತಿಬಿಡುತ್ತದೆ. ಈ ಉತ್ತರ ನಿಮ್ಮ ಕೈಸೇರುವ ವೇಳೆಗೆ ಆ ಎಳೆಗಳು ಮಾಯವಾಗಿ, ಅವುಗಳ ಜಾಗದಲ್ಲಿ ಕಡುಗಪ್ಪು ಗೊದಮೊಟ್ಟೆಗಳ ಹಿಂಡು ಕಾಣುತ್ತಿರುತ್ತದೆ; ಮೊಟ್ಟೆಯೊಡೆಯಲು ಒಂದೆರಡು ದಿನ ಸಾಕು. ಸಾವಿರಾರು ಎಂದೊಡನೆ ಗಾಬರಿಯಾಗಬೇಕಿಲ್ಲ. ಅವುಗಳಲ್ಲಿ ಬಹುಪಾಲು ಹಕ್ಕಿ, ಹಾವು ಮತ್ತು ನೀರುಹುಳುಗಳ ಪಾಲಾಗಿ, ಬಲಿಯುವುದು ಬೆರಳೆಣಿಕೆಯಷ್ಟು ಮಾತ್ರ. ಇವೆರಡಲ್ಲದೆ, ನೀರಿನ ಮೇಲೆ ಕಣ್ಣು ಮಾತ್ರ ತೇಲಿಸಿಕೊಂಡಿದ್ದು ಹತ್ತಿರ ಹೋದರೆ ಕಲ್ಲುಚಪ್ಪಡಿ ಎಸೆದಂತೆ ನೀರಿನ ಮೇಲೆಯೇ ಚಿಮ್ಮುತ್ತ ಓಡುವ ಕಪ್ಪೆಯೂ ಕೆಲವು ದಿನಗಳಲ್ಲಿ ಬರಬಹುದು. ಮೊದಲೆರಡು ಮಳೆ ಮುಗಿದ ಮೇಲೆ ಉಳಿದವು ಹೊಲ ಹಿತ್ತಲುಗಳಿಗೆ ಚದುರಿದರೂ ಇದು ನೀರು ಇರುವವರೆಗೆ ಅಲ್ಲಿಯೇ ಇರುತ್ತದೆ. ಹಳದಿ ಮೈಯ, ಗಂಟಲ ಎರಡೂ ಕಡೆ ನೀಲಿ ಚೀಲ ಉಬ್ಬಿಸುವ ಗೂಳಿಗಪ್ಪೆಗೆ ನಿಮ್ಮ ತೊಟ್ಟಿ ಇಕ್ಕಟ್ಟು. ಅದು ಹೊಲದ ಬದುವಿನ ಹೊಸನೀರನ್ನೇ ಹುಡುಕುತ್ತದೆ. ಆ ಹಳದಿ ಬಣ್ಣವೂ ಗಂಡಿಗೆ ಮದುವೆಯ ಅಂಗಿಯಿದ್ದಂತೆ, ಆ ಕೆಲವು ರಾತ್ರಿಗಳಿಗೆ ಮಾತ್ರ.

ಸಂಕ್ರಾಂತಿಯಿಂದ ವೈಶಾಖದವರೆಗೆ ಒಂದೂ ಸುಳಿಯದಿದ್ದವು ಒಂದೇ ರಾತ್ರಿಯಲ್ಲಿ ಎಲ್ಲಿಂದ ಬಂದವು ಎಂದು ನಿಮಗೆ ಅನಿಸಿರಬಹುದು. ಅವು ದೂರದಿಂದ ಬಂದವಲ್ಲ. ಬಯಲುಸೀಮೆಯ ಕಪ್ಪೆಗಳು ವರ್ಷದ ಹೆಚ್ಚಿನ ಭಾಗವನ್ನು ಮಣ್ಣಿನೊಳಗೆ, ಕಲ್ಲುಗುಂಡುಗಳ ಸಂದಿಯಲ್ಲಿ, ಹೂಕುಂಡಗಳ ಅಡಿಯಲ್ಲಿ ಕಳೆಯುತ್ತವೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಕೆಳಭಾಗದ ತೆಳುಚರ್ಮದಿಂದ ಹೀರಿಕೊಳ್ಳುತ್ತದೆ. ಹಸಿನೆಲಕ್ಕೆ ಮೈಯೊತ್ತಿ ಕುಳಿತರೆ ಅದಕ್ಕೆ ಸಾಕು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಅವುಗಳ ಸಂತಾನ ನಡೆದುಬಂದದ್ದು ಕೆರೆ, ಕುಂಟೆ, ಗೋಕಟ್ಟೆ, ಕಲ್ಯಾಣಿಗಳನ್ನು ನಂಬಿ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವೆಂಬ ಲೆಕ್ಕವನ್ನು ನೀವೂ ಕೇಳಿರುತ್ತೀರಿ. ಆದರೆ ಕಪ್ಪೆಗೆ ದೊಡ್ಡ ಕೆರೆಗಿಂತಲೂ ಮಳೆಗೆ ತುಂಬಿ ಮಾಘದ ವೇಳೆಗೆ ಬತ್ತುವ ಕುಂಟೆಯೇ ಹೆಚ್ಚು ಹಿತ, ಏಕೆಂದರೆ ಬತ್ತುವ ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ಬಡಾವಣೆಗಳಾಗುವಾಗ ಮೊದಲು ಸಮತಟ್ಟಾಗುವುದು ಇಂಥ ಕುಂಟೆಗಳೇ. ನಿಮ್ಮ ತೊಟ್ಟಿ, ನಿಮಗೆ ತಿಳಿಯದಂತೆಯೇ, ಅಂಥದ್ದೊಂದು ಕುಂಟೆಯ ಕೆಲಸಕ್ಕೆ ನಿಂತಿದೆ.

ಇಲ್ಲಿಯೇ ದಡದ ಮಾತು ಬರುತ್ತದೆ. ಕುಂಟೆಗೆ ಮಣ್ಣಿನ ಇಳಿಜಾರು ಇರುತ್ತದೆ. ಕಲ್ಯಾಣಿಗೆ ಸುತ್ತಲೂ ಒರಟುಗಲ್ಲಿನ ಮೆಟ್ಟಿಲುಗಳಿದ್ದು, ನೀರು ಎಷ್ಟೇ ಇಳಿದರೂ ಆ ಮಟ್ಟದಲ್ಲೊಂದು ಮೆಟ್ಟಿಲು ಸಿಕ್ಕೇ ಸಿಗುತ್ತದೆ. ಕೊಡ ಹಿಡಿದು ಇಳಿಯುವವರಿಗಾಗಿ ಕಟ್ಟಿದ ಆ ಮೆಟ್ಟಿಲುಗಳು ಹತ್ತಿಬರುವ ಕಪ್ಪೆಮರಿಗೂ ಅಷ್ಟೇ ಒದಗುತ್ತವೆ. ನುಣುಪಾಗಿ ಗಾರೆ ಬಳಿದ ತೊಟ್ಟಿಯಲ್ಲಿ ಈ ಅನುಕೂಲವಿಲ್ಲ. ಕೃಷಿಹೊಂಡಗಳಿಗೆ ಹೊದಿಸುವ ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಂತೂ ಕಪ್ಪೆಯಿರಲಿ, ಮೊಲ, ನಾಯಿಗಳೂ ಜಾರಿಬಿದ್ದು ಮೇಲೆ ಬರಲಾಗದೆ ಸಾಯುವುದನ್ನು ನಮ್ಮ ರೈತರು ಬಲ್ಲರು. ಮರಗಪ್ಪೆ ತನ್ನ ಬೆರಳಬಿಲ್ಲೆಗಳ ಬಲದಿಂದ ಗೋಡೆ ಹತ್ತಬಲ್ಲದು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾಗಿರುವ ನೆಲಗಪ್ಪೆಯ ಮರಿಗೆ ಆ ಬಲವಿಲ್ಲ.

ಪರಿಹಾರ ಸುಲಭ, ಖರ್ಚೂ ಇಲ್ಲ. ನಮ್ಮ ಕಡೆ ಕಲ್ಲಿಗೆ ಬರವಿಲ್ಲವಷ್ಟೆ. ತೊಟ್ಟಿಯ ಒಂದು ಮೂಲೆಯಲ್ಲಿ, ಆದಷ್ಟೂ ನೆರಳಿರುವ ಕಡೆ, ಸೈಜುಗಲ್ಲುಗಳನ್ನು ತಳದಿಂದ ಅಂಚಿನವರೆಗೆ ಓರೆಯಾಗಿ ಪೇರಿಸಿ, ಮೇಲೆ ಒರಟು ಚಪ್ಪಡಿಯೊಂದನ್ನು ಒರಗಿಸಿ. ಅದರ ಕೆಳತುದಿ ನೀರಿನೊಳಗೆ ಮುಳುಗಿರಲಿ, ಮೇಲ್ತುದಿ ಅಂಚನ್ನು ದಾಟಿ ಹೊರನೆಲವನ್ನು ಮುಟ್ಟಲಿ. ಎರಡರ ನಡುವೆ ಎಲ್ಲಿಯೂ ಒಂದು ಗೇಣಿನಷ್ಟು ನೇರವಾದ ಗೋಡೆ ಉಳಿಯಬಾರದು. ಕಲ್ಲು ಹೊಂದಿಸುವವರೆಗೆ, ಒದ್ದೆ ಮಾಡಿದ ಗೋಣಿಚೀಲವನ್ನು ಅಂಚಿನಿಂದ ನೀರಿಗೆ ಇಳಿಬಿಟ್ಟು ಮೇಲೊಂದು ಇಟ್ಟಿಗೆ ಹೇರಿದರೂ ನಡೆಯುತ್ತದೆ. ತೆಂಗಿನ ನಾರಿನ ದಪ್ಪ ಹಗ್ಗವೂ ಆದೀತು. ಹೊರಗಡೆ, ಚಪ್ಪಡಿ ಮುಗಿಯುವ ಜಾಗದಲ್ಲಿ ಒಂದೆರಡು ಮಾರು ನೆಲವನ್ನು ಸಿಮೆಂಟು ಹಾಕದೆ ಹಸಿಯಾಗಿ ಬಿಟ್ಟು, ಅಲ್ಲಿ ಒಂದೆಲಗವನ್ನೋ ಬಜೆಯನ್ನೋ ನೆಟ್ಟರೆ ಹೊರಬಂದ ಮರಿಗಳಿಗೆ ಮೊದಲ ರಾತ್ರಿ ಅಡಗಲು ಮರೆ ಸಿಗುತ್ತದೆ. ಒಂದೆಲಗ ಹೇಗೂ ಚಟ್ನಿಗೆ ಒದಗುತ್ತದೆ.

ಈಗ ಎಲೆಗಳ ವಿಚಾರ. ನೀರಿನ ಮೇಲೆ ತೇಲುವ ಎಲೆಗಳಿಂದ ಮೊಟ್ಟೆಯಾಕಾರದ ತುಂಡುಗಳು ಅಚ್ಚುಕಟ್ಟಾಗಿ ಕತ್ತರಿಸಿ ಹೋಗಿದ್ದರೆ, ಅದು ಸಣ್ಣ ಬಿಳಿ-ಕಂದು ಪತಂಗವೊಂದರ ಮರಿಹುಳುವಿನ ಕೆಲಸ. ಈ ಹುಳು ಎಲೆಯಿಂದ ತುಂಡು ಕತ್ತರಿಸಿ, ಎಲೆಯ ತಳಕ್ಕೋ ಇನ್ನೊಂದು ತುಂಡಿಗೋ ರೇಷ್ಮೆಯಂಥ ನೂಲಿನಿಂದ ಹೊಲಿದುಕೊಂಡು, ನಡುವೆ ತಾನು ಹುದುಗಿ ದೋಣಿಯಲ್ಲಿ ಹೋದಂತೆ ತೇಲುತ್ತ ಮೇಯುತ್ತದೆ. ರೇಷ್ಮೆಯ ನಾಡಿನವರಾದ ನಿಮಗೆ ಹುಳು ನೂಲುವುದು ಹೊಸತಲ್ಲ, ಆದರೆ ನೀರಿನ ಮೇಲೆ ಮನೆ ಹೊಲಿದುಕೊಳ್ಳುವ ಹುಳುವನ್ನು ಒಮ್ಮೆ ಬಿಡಿಸಿ ನೋಡುವುದು ಸಾರ್ಥಕ. ತೇಲುವ ತುಂಡುಗಳನ್ನು ಟೀ ಸೋಸುವ ಜಾಲರಿಯಿಂದ ದಿನವೂ ಎತ್ತಿ ತೊಟ್ಟಿಯಿಂದ ದೂರ ಹಾಕಿದರೆ ಎರಡು ವಾರದಲ್ಲಿ ಹತೋಟಿಗೆ ಬರುತ್ತದೆ. ಎಲೆಯ ಮೇಲೆ ಕರಿಯ ಸಣ್ಣ ಹೇನುಗಳು ಕೂತಿದ್ದರೆ ಪೈಪಿನ ನೀರಿನಿಂದ ತೊಳೆದು ನೀರಿಗೆ ಬೀಳಿಸಿ. ಯಾವ ಔಷಧಿಯನ್ನೂ ಸಿಂಪಡಿಸಬೇಡಿ. ಬೇವಿನೆಣ್ಣೆ ನಿರಪಾಯವೆಂಬ ನಂಬಿಕೆಯಿದೆ, ಆದರೆ ತೊಟ್ಟಿಗೆ ಅದೂ ಬೇಡ. ಎಣ್ಣೆಯ ಪೊರೆ ನೀರಿನ ಮೇಲ್ಮೈಯನ್ನು ಮುಚ್ಚಿದರೆ ಗೊದಮೊಟ್ಟೆಗೂ ನೀರುಹುಳುಗಳಿಗೂ ತೊಂದರೆ. ಟೊಮೆಟೊ ತೋಟದ ಕಡೆಯಿಂದ ಹರಿದುಬರುವ ನೀರು ನಿಮ್ಮ ಹಿತ್ತಲಿಗೆ ನುಗ್ಗುವಂತಿದ್ದರೆ ಅದು ತೊಟ್ಟಿಗೆ ಸೇರದಂತೆ ಒಂದು ಸಣ್ಣ ಬದು ಹಾಕಿಸಿ, ಏಕೆಂದರೆ ಆ ಬೆಳೆಗೆ ನಮ್ಮಲ್ಲಿ ಹೊಡೆಯುವಷ್ಟು ಔಷಧಿಯನ್ನು ಬೇರೆ ಬೆಳೆಗೆ ಹೊಡೆಯುವುದು ಕಡಿಮೆ.

ಕಪ್ಪೆ ಎಲೆ ತಿನ್ನುವುದೇ ಇಲ್ಲವೆಂದು ಸಾರಾಸಗಟಾಗಿ ಹೇಳಿದರೆ ಶಾಸ್ತ್ರಕ್ಕೆ ಅಪಚಾರವಾಗುತ್ತದೆ. ದಕ್ಷಿಣ ಭಾರತದ ಕಳೆ ತುಂಬಿದ ಕೆರೆಗಳಲ್ಲಿರುವ, ಮೈಯೆಲ್ಲ ಹಸಿರಾದ ದೊಡ್ಡ ಕಪ್ಪೆಯೊಂದು ನೀರುಸಸ್ಯಗಳನ್ನು ತಿನ್ನುವುದುಂಟು. ಬೆಳೆದ ಕಪ್ಪೆಗಳಲ್ಲಿ ಇದು ಬಲು ಅಪರೂಪದ ಗುಣ. ನಿಮ್ಮಲ್ಲಿ ಬಂದಿರುವುದು ಅದಲ್ಲ. ಗೊದಮೊಟ್ಟೆಗಳೂ ಎಲೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತವೆ, ಕೊಳೆತ ಎಲೆಯನ್ನು ಮೆಲ್ಲುತ್ತವೆ. ಹೊಸ ತೊಟ್ಟಿಯಲ್ಲಿ ನೀರು ಹಸಿರಾಗುವ ಕಾಟವಿದ್ದಾಗ ಇದು ನಿಮಗೆ ಲಾಭವೇ.

ಹೂವುಗಳಿಗೆ ಕಪ್ಪೆಯಿಂದ ಏನೂ ಆಗುವುದಿಲ್ಲ, ಆದರೆ ಹೂವುಗಳಿಂದ ಕಪ್ಪೆಗೆ ಆಗುವುದಿದೆ. ನೀಲಿ ನೈದಿಲೆ ಬೆಳಗ್ಗೆ ಅರಳಿ ಮಧ್ಯಾಹ್ನ ಕಳೆದ ಮೇಲೆ ಮುಚ್ಚುತ್ತದೆ. ಕೆಂಪು ನೈದಿಲೆ, ನರ್ಸರಿಯ ಮಿಶ್ರತಳಿಯಾಗಿರದೆ ನಾಡತಳಿಯೇ ಆಗಿದ್ದರೆ, ಸಂಜೆ ಅರಳಿ ಮರುದಿನ ಬಿಸಿಲೇರುವವರೆಗೆ ತೆರೆದಿರುತ್ತದೆ. ಹೀಗೆ ಹಗಲಿಗೊಂದು ರಾತ್ರಿಗೊಂದು ಪಾಳಿಯಿರುವುದರಿಂದ ಹುಳುಗಳ ಓಡಾಟ ನಿಲ್ಲುವುದೇ ಇಲ್ಲ. ಬೆಳಗ್ಗೆ ತುಡುವೆ ಜೇನು, ಕೋಲುಜೇನುಗಳು ಪರಾಗಕ್ಕೆ ಬರುತ್ತವೆ. ನೈದಿಲೆಯ ಹೂ ಮೊದಲ ದಿನ ಹೆಣ್ಣು, ಮರುದಿನದಿಂದ ಗಂಡು. ಮೊದಲ ದಿನ ನಡುವಿನ ಬಟ್ಟಲಿನಲ್ಲಿ ದ್ರವ ತುಂಬಿರುತ್ತದೆ. ಹಿಂದಿನ ಹೂವಿನ ಪರಾಗ ಹೊತ್ತು ಬಂದ ಹುಳು ಅದರಲ್ಲಿ ಜಾರಿ ಮೀಯುವಾಗ ಪರಾಗ ತೊಳೆದುಹೋಗಿ ಹೂವಿಗೆ ಸೇರುತ್ತದೆ, ಕೆಲವೊಮ್ಮೆ ಹುಳು ಅಲ್ಲಿಯೇ ಮುಳುಗಿಬಿಡುವುದೂ ಉಂಟು. ಬೆಳಗ್ಗೆ ಅರಳಿದ ಹೂವಿನೊಳಗೆ ಸತ್ತ ಜೇನು ಕಂಡರೆ ಅದಕ್ಕೆ ಕಾರಣ ವಿಷವಲ್ಲ. ತಾವರೆಯದು ಇನ್ನೊಂದು ಬಗೆ. ಅರಳಿದ ದಿನಗಳಲ್ಲಿ ಅದು ತನ್ನ ಒಳಗನ್ನು ತಾನೇ ಕಾಯಿಸಿಕೊಂಡು 30ರಿಂದ 36 ಡಿಗ್ರಿ ಸೆಲ್ಸಿಯಸ್ ನಡುವೆ ಇರಿಸಿಕೊಳ್ಳುತ್ತದೆ, ಹೊರಗಿನ ಗಾಳಿ ಹತ್ತು ಡಿಗ್ರಿಗೆ ಇಳಿದಿದ್ದರೂ ಸಹ. ಮಾಗಿಯ ಚಳಿಯಲ್ಲಿ ನಸುಕಿಗೆ ತಾವರೆಯೊಂದು ಅರಳಿದ್ದರೆ ಬೆರಳಿಟ್ಟು ನೋಡಿ. ಕಪ್ಪೆಗಳು ಈ ಹೂಗಳ ಪಕ್ಕದ ಎಲೆಗಳ ಮೇಲೆ ಕೂರುವುದು ಸೌಂದರ್ಯಕ್ಕಲ್ಲ, ಊಟಕ್ಕೆ.

ಹೂವಿನ ಮೊಗ್ಗಿನ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆ ಬಂದು ಕೂರುತ್ತಿದ್ದರೆ ಅದನ್ನು ನಿಮ್ಮ ಪಕ್ಕದ ಮನೆಯವರಿಗೆ ತೋರಿಸಿ. ಅದರ ಮರಿ ತಿಂಗಳುಗಟ್ಟಲೆ ನೀರಿನೊಳಗಿದ್ದು ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ, ರೆಕ್ಕೆ ಬಂದ ಮೇಲೆ ಗಾಳಿಯಲ್ಲಿ ಸೊಳ್ಳೆಯನ್ನೇ ಹಿಡಿಯುತ್ತದೆ. ಒಂದಿಷ್ಟು ಗೊದಮೊಟ್ಟೆಗಳನ್ನೂ ತಿನ್ನುತ್ತದೆ, ಅದಕ್ಕೆ ನಾವು ಅಡ್ಡ ಹೋಗಬೇಕಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬಯಲಿನ ಮೇಲೆ ಗುಂಪುಗುಂಪಾಗಿ ಹಾರಾಡುವ ಹೊಂಬಣ್ಣದ ಜಾತಿಯಂತೂ ಈಶಾನ್ಯದ ಗಾಳಿಯನ್ನು ಹಿಡಿದು, ಅಕ್ಟೋಬರ್‌ನಲ್ಲಿ ಮಾಲ್ಡೀವ್ಸ್ ಮುಟ್ಟಿ, ಅಲ್ಲಿಂದ ಪೂರ್ವ ಆಫ್ರಿಕದ ಕಡೆಗೆ ಸಮುದ್ರ ದಾಟುವಂಥದ್ದು. ಅದು ನೀರು ಬೇಗ ಬತ್ತುವ ಹೊಂಡಗಳಿಗೆ ಹೇಳಿ ಮಾಡಿಸಿದ ಜೀವಿ. ಮೊಟ್ಟೆಯಿಂದ ರೆಕ್ಕೆಯವರೆಗೆ ಅದಕ್ಕೆ ಒಂದೂವರೆ ತಿಂಗಳಿನಷ್ಟು ಕಾಲ ಸಾಕು.

ಇನ್ನು ಗಪ್ಪಿ ಮೀನು. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ. ಆರೋಗ್ಯ ಇಲಾಖೆಯವರೂ ಬಾವಿ, ತೊಟ್ಟಿಗಳಿಗೆ ಗಪ್ಪಿಯನ್ನೂ ಗಂಬೂಸಿಯಾವನ್ನೂ ಬಿಡುತ್ತಾರೆ. ಮುಚ್ಚಿದ ಸಂಪು, ಹಾಳುಬಾವಿಗಳಿಗೆ ಅದು ಸರಿ. ಆದರೆ ಇವೆರಡೂ ಅಮೆರಿಕ ಖಂಡಗಳಿಂದ ಬಂದ ಮೀನುಗಳು; ಗಂಬೂಸಿಯಾ ಸೊಳ್ಳೆಮರಿಯನ್ನು ತಿನ್ನುವಷ್ಟೇ ಆಸೆಯಿಂದ ಕಪ್ಪೆಯ ಮೊಟ್ಟೆಯನ್ನೂ ಗೊದಮೊಟ್ಟೆಯ ಬಾಲವನ್ನೂ ಕಚ್ಚುತ್ತದೆ. ನಾನೂ ಒಮ್ಮೆ ಇಂಥದೇ ಸಲಹೆ ಕೇಳಿ ನನ್ನ ನೈದಿಲೆ ತೊಟ್ಟಿಗೆ ಹತ್ತು ಗಪ್ಪಿ ಬಿಟ್ಟವನೇ. ಆ ಮಳೆಗಾಲದ ಕೊನೆಗೆ ಗಪ್ಪಿಗಳು ಲೆಕ್ಕ ಸಿಗದಷ್ಟಾಗಿದ್ದವು, ಕಪ್ಪೆಮರಿ ಒಂದೂ ಏಳಲಿಲ್ಲ. ಒಂದು ತೊಟ್ಟಿಯಲ್ಲಿ ಮೀನು ಅಥವಾ ಕಪ್ಪೆ, ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು ಎನ್ನುವುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಸೊಳ್ಳೆಯ ಭಯಕ್ಕೆ ಆಧಾರವೇ ಇಲ್ಲವೇ? ಇದೆ. ಹೊಸ ತೊಟ್ಟಿಯಲ್ಲಿ ಬೇಟೆಗಾರ ಹುಳುಗಳು ಬಂದು ನೆಲೆಸುವ ಮೊದಲು ಸೊಳ್ಳೆಗೆ ಒಂದಷ್ಟು ಕಾಲ ಅವಕಾಶವಿರುತ್ತದೆ; ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನಗಳಿಂದ ಹತ್ತು ದಿನ ಹಿಡಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ದಿನ ಗೊತ್ತುಮಾಡಿಕೊಂಡು, ಬಿಳಿಯ ಬಟ್ಟಲಿನಲ್ಲಿ ತೊಟ್ಟಿಯ ನಾಲ್ಕೈದು ಕಡೆಗಳಿಂದ, ಮುಖ್ಯವಾಗಿ ಎಲೆಗಳ ಸಂದಿಯಿಂದ, ನೀರು ಮೊಗೆದು ನೋಡಿ. ತಲೆಕೆಳಗಾಗಿ ತೂಗುತ್ತ, ಅಲುಗಿಸಿದರೆ ನುಲಿಯುತ್ತ ಕೆಳಗಿಳಿಯುವ ಮರಿಗಳು ಮೊಗೆದಾಗಲೆಲ್ಲ ಸಿಗುತ್ತಿದ್ದರೆ, ಬಿಟಿಐ ಎಂಬ ಹೆಸರಿನಲ್ಲಿ ಸಿಗುವ ಬ್ಯಾಕ್ಟೀರಿಯಾದ ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯಲ್ಲಿಯೇ ಹಾಕಿ. ಅದು ಸೊಳ್ಳೆಮರಿಯ ಕರುಳಿಗೆ ವಿಷವಾಗುತ್ತದೆ, ಗೊದಮೊಟ್ಟೆಯನ್ನು ಕೊಲ್ಲುವುದಿಲ್ಲ. ಜೊತೆಗೆ ಬಡಾವಣೆಯಲ್ಲೊಂದು ಸುತ್ತು ಹಾಕಿ ಬನ್ನಿ. ಡೆಂಗಿ ಹರಡುವ ಸೊಳ್ಳೆಗೆ ಹುಳುಹುಪ್ಪಟೆಗಳಿಂದ ತುಂಬಿದ ಕೊಳಕ್ಕಿಂತ ಮುಚ್ಚಳವಿಲ್ಲದ ಡ್ರಮ್ಮು, ಹಳೇ ಟೈರು, ತೆಂಗಿನ ಚಿಪ್ಪು, ಕುಂಡದ ಕೆಳಗಿನ ತಟ್ಟೆ, ಮಹಡಿಯ ಮೇಲಿನ ಒಡೆದ ಬಕೆಟ್ಟುಗಳೇ ಪ್ರಿಯ. ದೂರು ಹೇಳಿದ ಮನೆಯ ಹಿತ್ತಲಿನಲ್ಲಿಯೇ ಅವು ಸಿಕ್ಕಿದರೆ ನನಗೆ ಆಶ್ಚರ್ಯವಾಗದು, ಆದರೆ ಅದನ್ನು ನೀವು ಮೆತ್ತಗೆ ಹೇಳಬೇಕಾಗುತ್ತದೆ.

ಹಾವಿನ ವಿಷಯದಲ್ಲಿ ನಾನು ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಕಪ್ಪೆ ಇರುವಲ್ಲಿಗೆ ಹಾವು ಬರುತ್ತದೆ. ಹೆಚ್ಚಾಗಿ ಬರುವುದು ನೀರೊಳ್ಳೆ ಮತ್ತು ಕೇರೆಹಾವು. ಎರಡಕ್ಕೂ ವಿಷವಿಲ್ಲ, ನೀರೊಳ್ಳೆ ಮಾತ್ರ ಸಿಡುಕಿನದು, ಮುಟ್ಟಿದರೆ ಕಚ್ಚುತ್ತದೆ. ನಾಗರಹಾವೂ ಕಪ್ಪೆಯನ್ನು ತಿನ್ನುತ್ತದೆ. ಆದರೆ ಹಾವು ಬಂದು ಹೋಗುವುದು ಬೇರೆ, ಬಂದು ನೆಲೆಸುವುದು ಬೇರೆ. ನೆಲೆಸಲು ಅದಕ್ಕೆ ಇಲಿಯೂ ಬಿಲವೂ ಬೇಕು. ಅವನ್ನು ಒದಗಿಸುವುದು ಹಿತ್ತಲಿನ ಸೌದೆ ರಾಶಿ, ಮನೆ ಕಟ್ಟಿ ಮಿಕ್ಕ ಇಟ್ಟಿಗೆ, ಹೆಂಚು, ಗೋಡೆಯ ಬಿರುಕು, ಮುಚ್ಚದ ಕಸ. ತೊಟ್ಟಿಯಿಂದ ಮನೆಯ ಕಡೆಗಿನ ಜಾಗವನ್ನು ಚೊಕ್ಕಟವಾಗಿ ಬಯಲಾಗಿಟ್ಟು, ಗಿಡಗಂಟಿಯ ಮರೆಯನ್ನು ಕಾಂಪೌಂಡಿನ ಕಡೆಗಿನ ಅಂಚಿಗಷ್ಟೇ ಬಿಡಿ. ರಾತ್ರಿ ಅಲ್ಲಿಗೆ ಹೋಗುವಾಗ ಟಾರ್ಚು ಮತ್ತು ಮುಚ್ಚಿದ ಚಪ್ಪಲಿ ಇರಲಿ, ಕಲ್ಲುಗಳ ಸಂದಿಗೆ ಕೈಹಾಕಬೇಡಿ. ಯಾರಿಗಾದರೂ ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಬೇಕು. ಇದು ತೊಟ್ಟಿಯಿದ್ದರೂ ಇಲ್ಲದಿದ್ದರೂ ನಮ್ಮ ಸೀಮೆಯ ಪ್ರತಿಯೊಂದು ಮನೆಗೂ ತಿಳಿದಿರಬೇಕಾದ ವಿಷಯ.

ಹಾವಿಗಿಂತ ನನಗೆ ಹೆಚ್ಚು ಚಿಂತೆ ಮಕ್ಕಳದು. ಎರಡು ಅಡಿ ನೀರು ನಡೆದಾಡಲು ಕಲಿಯುತ್ತಿರುವ ಮಗುವಿಗೆ ಸಾಕಷ್ಟು ಆಳ. ಮನೆಗೆ ಅಂಥ ಮಕ್ಕಳು ಬರುವುದಿದ್ದರೆ ನೀರಿನ ಮಟ್ಟಕ್ಕೆ ತುಸು ಮೇಲೆ ಗಟ್ಟಿ ವೆಲ್ಡ್ ಮೆಶ್ ಕೂರಿಸಿ; ನೈದಿಲೆಯ ದಂಟುಗಳೂ ಕಪ್ಪೆಗಳೂ ಅದರ ಕಣ್ಣುಗಳಲ್ಲಿ ಸಲೀಸಾಗಿ ಹಾಯುತ್ತವೆ. ನಾಯಿ ಸಾಕಿದ್ದರೆ ಇನ್ನೊಂದು ಎಚ್ಚರ: ನೆಲಗಪ್ಪೆಯ ಕಣ್ಣಿನ ಹಿಂದಿನ ಗ್ರಂಥಿಗಳಲ್ಲಿ ವಿಷದ ಹಾಲು ಇರುತ್ತದೆ, ಅದನ್ನು ಕಚ್ಚಿದ ನಾಯಿ ಜೊಲ್ಲು ಸುರಿಸಿ ನೊರೆ ಕಾರುತ್ತದೆ. ಕೂಡಲೇ ಬಾಯನ್ನು ನೀರಿನಿಂದ ಚೆನ್ನಾಗಿ ತೊಳೆದು ಪಶುವೈದ್ಯರಿಗೆ ತೋರಿಸಿ. ಮನುಷ್ಯರು ಮುಟ್ಟಿದರೆ ನರುಳ್ಳೆಯಾಗುತ್ತದೆ ಎಂಬುದು ಮಾತ್ರ ಬರೀ ಮಾತು.

ಬೇರೆ ಅತಿಥಿಗಳೂ ಬರುತ್ತಾರೆ. ಕೊಳದ ಬಕವೊಂದು ತೊಟ್ಟಿಯ ಅಂಚಿನಲ್ಲಿ ಗಂಟೆಗಟ್ಟಲೆ ತಪಸ್ಸಿಗೆ ನಿಂತರೆ ಅದು ಗೊದಮೊಟ್ಟೆಗಳ ಸುಂಕ ವಸೂಲಿಗೆ ಬಂದದ್ದೆಂದು ತಿಳಿಯಿರಿ. ಮಿಂಚುಳ್ಳಿಯೂ ಬರಬಹುದು. ಪಿಕಳಾರ, ಗೊರವಂಕಗಳು ನೀರು ಕುಡಿದು ಮೀಯಲು ಬರುತ್ತವೆ. ನೀವು ಜೋಡಿಸುವ ಚಪ್ಪಡಿಯ ತೆಳುನೀರು ಅವಕ್ಕೂ ಆಗುತ್ತದೆ. ಅಂತರಗಂಗೆ ಬೆಟ್ಟದ ಕಡೆಯ ಕೋತಿಗಳು ನಿಮ್ಮ ಬಡಾವಣೆಯವರೆಗೆ ಬರುವುದಾದರೆ ಮೊಗ್ಗುಗಳ ಆಸೆ ಬಿಡಬೇಕಾದೀತು, ಅದಕ್ಕೆ ನನ್ನ ಬಳಿ ಮದ್ದಿಲ್ಲ. ಅಂತರಗಂಗೆ ಎಂದಾಗ ನೆನಪಾಯಿತು: ಕೋಲಾರದವರಿಗೆ ಅದು ಬಸವನ ಬಾಯಿಂದ ನೀರು ಸುರಿಯುವ ಪುಣ್ಯಸ್ಥಳವಾದರೂ ಗಿಡ ಬಲ್ಲವರ ಬಾಯಲ್ಲಿ ಅದು ಕೆರೆಯನ್ನು ಮುಚ್ಚುವ ತೇಲುಕಳೆಯ ಹೆಸರು. ಅಂದದ ಗಿಡವೆಂದು ಕೆರೆಯಿಂದ ಅದನ್ನು ತಂದು ಹಾಕಬೇಡಿ. ಒಂದು ಮಳೆಗಾಲದಲ್ಲಿ ಅದು ತೊಟ್ಟಿಯನ್ನು ತುಂಬಿ ನೈದಿಲೆಗೆ ಬೆಳಕಿಲ್ಲದಂತೆ ಮಾಡುತ್ತದೆ. ಎಲೆಗಳು ನೀರಿನ ಅರ್ಧದಿಂದ ಮೂರರಲ್ಲೆರಡು ಪಾಲನ್ನು ಮುಚ್ಚಿದ್ದರೆ ಸಾಕು, ಉಳಿದದ್ದು ಬಯಲಾಗಿರಲಿ.

ನೀರಿನ ಬಗ್ಗೆ ಎರಡು ಮಾತು. ನಿಮ್ಮ ತೊಟ್ಟಿ ಹಿಡಿಯುವುದು ಸುಮಾರು 2,200 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ ಒಂದೆರಡು ಕೊಡದಷ್ಟು ಆವಿಯಾಗುತ್ತದೆ, ಆದರೆ ಉಪ್ಪುಗಳು ಆವಿಯಾಗುವುದಿಲ್ಲ. ನಮ್ಮ ಆಳದ ಬೋರ್‌ವೆಲ್‌ಗಳ ಗಡಸುನೀರನ್ನೇ ಮೇಲಿಂದ ಮೇಲೆ ತುಂಬುತ್ತ ಹೋದರೆ ಗೋಡೆಗೆ ಬಿಳಿಯ ಪಟ್ಟೆ ಕಟ್ಟುತ್ತದೆ, ಎಲೆಯ ಅಂಚು ಸುಡುತ್ತದೆ, ಗೊದಮೊಟ್ಟೆಗಳಿಗೂ ಹಿತವಲ್ಲ. ಸಾಧ್ಯವಾದರೆ ಮಹಡಿಯ ಮಳೆನೀರಿನ ಪೈಪನ್ನು ತೊಟ್ಟಿಗೆ ತಿರುಗಿಸಿ. ನೀರು ಶುದ್ಧಮಾಡುವ ಯಂತ್ರದಿಂದ ಹೊರಬೀಳುವ ನೀರನ್ನು, ವ್ಯರ್ಥವಾಗುತ್ತದಲ್ಲ ಎಂಬ ಕಳಕಳಿಯಿಂದಲೂ ಇದಕ್ಕೆ ಬಿಡಬೇಡಿ; ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ನಲ್ಲಿಯ ಕ್ಲೋರಿನ್ ನೀರಾದರೆ ಒಂದೆರಡು ದಿನ ಬಿಸಿಲಿನಲ್ಲಿ ತೆರೆದಿಟ್ಟು ಹಾಕಿ. ನೈದಿಲೆಗೆ ಗೊಬ್ಬರ ಕೊಡುವಾಗ ನೀರಿಗೆ ಎರಚದೆ, ಕಾಗದದಲ್ಲಿ ಸುತ್ತಿ ಕುಂಡದ ಮಣ್ಣಿನೊಳಗೆ ಆಳವಾಗಿ ಒತ್ತಿ.

ಕಪ್ಪೆಗಳನ್ನು ಹಿಡಿಸಿ ಕೆರೆಗೆ ಬಿಡುವುದು ದಯೆಯಂತೆ ಕಂಡರೂ ದಯೆಯಲ್ಲ. ನೆಲಗಪ್ಪೆಗಳಲ್ಲಿ ಹಳೆಯ ಜಾಗವನ್ನು ಹುಡುಕಿ ಮರಳುವ ಗುಣವಿದೆ, ಮರಳುವ ದಾರಿಯಲ್ಲಿ ರಸ್ತೆಗಳಿವೆ. ಒಂದು ನೀರಿನಿಂದ ಇನ್ನೊಂದಕ್ಕೆ ಕಪ್ಪೆಯನ್ನು ಸಾಗಿಸಿದರೆ ಅದರ ಚರ್ಮದ ರೋಗಗಳೂ ಸಾಗುತ್ತವೆ. ಇದೇ ಕಾರಣಕ್ಕೆ ಕೆರೆಯಿಂದ ಗೊದಮೊಟ್ಟೆ ತಂದು ತೊಟ್ಟಿಗೆ ಬಿಡುವುದೂ ತಪ್ಪು. ಕಾಡುಪ್ರಾಣಿಗಳನ್ನು ಹಿಡಿಯುವ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದೆ. ಅದಕ್ಕೂ ಮೀರಿ, ಹೊಲದ ಹುಳು ತಿನ್ನುವ ಈ ಜೀವಿಯ ಕಾಲುಗಳನ್ನು ನಮ್ಮ ದೇಶ ಒಂದು ಕಾಲದಲ್ಲಿ ಟನ್ನುಗಟ್ಟಲೆ ಹೊರದೇಶಗಳಿಗೆ ಮಾರಿ, 1987ರಲ್ಲಿ ಆ ರಫ್ತನ್ನು ನಿಷೇಧಿಸಿತು ಎಂಬುದನ್ನು ನೆನೆಯಬೇಕು. ಕೂಗಿನ ಕಾಟವೂ ಮಳೆಗಾಲವಿಡೀ ಇರುವಂಥದ್ದಲ್ಲ. ಮರಕ್ಕೆ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿದಂತೆ ಕೇಳುವುದು ಮರಗಪ್ಪೆ, ಎಡೆಬಿಡದೆ ಕುರ್‌ಗುಟ್ಟುವುದು ನೆಲಗಪ್ಪೆ. ಕೂಗುವುದು ಗಂಡು ಮಾತ್ರ, ಅದೂ ಜೋಡಿ ಸಿಗುವವರೆಗೆ. ದೊಡ್ಡ ಮಳೆ ಬಿದ್ದ ಒಂದೆರಡು ರಾತ್ರಿ ಜೋರಾಗಿದ್ದು ಅನಂತರ ಇಳಿಯುತ್ತದೆ. ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡಿಸುವ ರೂಢಿಯುಳ್ಳ ಜನ ನಾವು. ಮಳೆ ಬಂದು ಅವು ತಾವಾಗಿಯೇ ಮದುವೆಯಾಗುವಾಗ ಎರಡು ರಾತ್ರಿಯ ವಾಲಗ ಸಹಿಸಿಕೊಳ್ಳಿ ಎಂದು ಪಕ್ಕದ ಮನೆಯವರಿಗೆ ಹೇಳಿ ನೋಡಬಹುದು.

ಕೃತ್ತಿಕೆಯಲ್ಲಿಟ್ಟ ನೆಲಗಪ್ಪೆಯ ಮೊಟ್ಟೆಗಳು ಐದಾರು ವಾರಗಳಲ್ಲಿ, ಅಂದರೆ ಆರಿದ್ರ ಮಳೆಯ ಆಸುಪಾಸಿನಲ್ಲಿ, ಮರಿಗಳಾಗಿ ನೀರು ಬಿಡುತ್ತವೆ. ಮರಗಪ್ಪೆಯ ಮರಿಗಳಿಗೆ ಎರಡು ತಿಂಗಳಿನಷ್ಟು ಹಿಡಿಯುವುದರಿಂದ ಅವು ಪುನರ್ವಸುವಿನವರೆಗೆ ತೊಟ್ಟಿಯಲ್ಲಿರುತ್ತವೆ. ಅಷ್ಟರೊಳಗೆ ಚಪ್ಪಡಿ ಒರಗಿಸಿರಬೇಕು. ಗೊದಮೊಟ್ಟೆಗಳಿಗೆ ಮುಂಗಾಲು ಮೂಡಿದ್ದು ಕಂಡ ದಿನದಿಂದ ಒಂದು ವಾರ ತೊಟ್ಟಿಯ ನೀರು ಬದಲಿಸಬೇಡಿ, ಸುತ್ತಲಿನ ಹುಲ್ಲು ಕತ್ತರಿಸಲು ಆಳು ಕರೆಸಬೇಡಿ, ಹಿತ್ತಲಿಗೆ ಹೋಗುವಾಗ ಕಾಲಡಿ ನೋಡಿಕೊಂಡು ಹೆಜ್ಜೆಯಿಡಿ. ಬೆರಳಿನ ಉಗುರಿನಷ್ಟಿರುವ ಮರಿಗಳು ಮೊದಲು ಹೋಗುವುದು ಒಂದೆಲಗದ ಮಡಿಗೆ.